ಬಿಸಿಲು, ಕಲುಷಿತ ನೀರು ಮತ್ತು ದ್ಯುತಿ ವೇಗವರ್ಧಕ

ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳಲ್ಲಿ ಬಿಸಿಲಿಗೆ ಎಂದೂ ಬರವಿಲ್ಲ. ಬರ ಇರುವುದು ನಂಬಿ ಕುಡಿಯಬಹುದಾದ ನೀರಿಗೆ. ಆದ್ದರಿಂದಲೇ, ಯಾವುದೋ ಒಂದು ಬಿಳಿಯ ಪುಡಿಯನ್ನು ಕಲುಷಿತ ನೀರಿಗೆ ಹಾಕಿ ಬಿಸಿಲಿಗೆ ಇಟ್ಟರೆ ಅದರಲ್ಲಿರುವ ವಿಷ ಒಡೆದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೋಗುತ್ತದೆ ಎಂಬ ಮಾತು ಕೇಳಿದಾಗ ಈ ಭಾಗದವರಿಗೆ ಸಹಜವಾಗಿಯೇ ಆಸೆ ಹುಟ್ಟುತ್ತದೆ. ಆ ಮಾತು ಸುಳ್ಳಲ್ಲ. ಫೋಟೊಕ್ಯಾಟಲಿಸ್ಟ್ ಅಥವಾ ದ್ಯುತಿ ವೇಗವರ್ಧಕ, ಅಂದರೆ ಬೆಳಕು ಬಿದ್ದಾಗ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವಂಥದ್ದು, ಎಂದು ಕರೆಯುವ ವಸ್ತುಗಳು ನಿಜವಾಗಿಯೂ ಆ ಕೆಲಸ ಮಾಡುತ್ತವೆ. ಆದರೆ ಯಾವ ನೀರಿನಲ್ಲಿ, ಯಾವ ವಿಷವನ್ನು, ಎಷ್ಟು ಪ್ರಮಾಣದಲ್ಲಿ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದೆ ಅದನ್ನು ಪರಿಹಾರವೆಂದು ಒಪ್ಪಿಕೊಂಡರೆ ಹಣವೂ ಹೋಗುತ್ತದೆ, ನೀರೂ ಹಾಗೆಯೇ ಉಳಿಯುತ್ತದೆ.

ಮೊದಲು, ಇಂಥ ತಂತ್ರದ ಅಗತ್ಯ ಏಕೆ ಬಂತು ಎಂಬುದನ್ನು ನೋಡಬೇಕು. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿಯೂ ಯಾದಗಿರಿ ಜಿಲ್ಲೆಯ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದಲ್ಲಿಯೂ ಔಷಧ ಮತ್ತು ರಾಸಾಯನಿಕ ಘಟಕಗಳಿವೆ. ಸುತ್ತಲಿನ ಹಳ್ಳಿಗಳವರು ವಾಸನೆ ಮತ್ತು ನೀರಿನ ಬಗ್ಗೆ ಬಹಳ ಕಾಲದಿಂದ ದೂರುತ್ತಿದ್ದಾರೆ. ತೊಗರಿಯ ಹೂವು ಕಾಯಿಗಟ್ಟುವ ಹೊತ್ತಿಗೆ ಕಾಯಿಕೊರಕ ಹುಳುವಿಗಾಗಿ ಹೊಡೆಯುವ ಕೀಟನಾಶಕದ ಒಂದು ಪಾಲು ಮಳೆನೀರಿನೊಂದಿಗೆ ಹಳ್ಳ-ಕೆರೆಗಳಿಗೆ ಇಳಿಯುತ್ತದೆ. ಔಷಧ ತಯಾರಿಕೆಯ ತ್ಯಾಜ್ಯ ಎಂಥದ್ದಾಗಿರಬಲ್ಲದು ಎಂಬುದಕ್ಕೆ ಹೈದರಾಬಾದ್ ಬಳಿಯ ಪಟಾನ್‌ಚೆರು ಸಾಕ್ಷಿಯಾಗಿದೆ. ಹುಮನಾಬಾದಿನ ಮೇಲೆ ಹಾದುಹೋಗುವ ಅದೇ ಹೆದ್ದಾರಿಯ ಊರು ಅದು. 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಲ್ಲಿ ಸುಮಾರು 90 ಔಷಧ ಘಟಕಗಳ ತ್ಯಾಜ್ಯವನ್ನು ಸಂಸ್ಕರಿಸುವ ಸಾಮೂಹಿಕ ಘಟಕದಿಂದ ಹೊರಬೀಳುತ್ತಿದ್ದ ನೀರಿನಲ್ಲಿ ಸಿಪ್ರೊಫ್ಲಾಕ್ಸಾಸಿನ್ ಎಂಬ ಪ್ರತಿಜೀವಕ ಲೀಟರಿಗೆ 31 ಮಿಲಿಗ್ರಾಂವರೆಗೂ ಇದ್ದುದನ್ನು ತೋರಿಸಿತು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಅದು ಹೆಚ್ಚು. ಗಮನಿಸಬೇಕಾದದ್ದು, ಅದು ಸಂಸ್ಕರಣೆಯಾಗಿ ಹೊರಬಂದ ನೀರು.

ಸಂಸ್ಕರಿಸಿದ ಮೇಲೂ ಔಷಧ ಉಳಿಯಲು ಕಾರಣವಿದೆ. ಸಾಮಾನ್ಯ ಸಂಸ್ಕರಣಾ ಘಟಕದಲ್ಲಿ ಕೊಳೆಯನ್ನು ತಿಂದು ಕರಗಿಸುವುದು ಬ್ಯಾಕ್ಟೀರಿಯಾಗಳು. ಸಕ್ಕರೆ, ಪಿಷ್ಟ, ಮದ್ಯಸಾರದಂಥವನ್ನು ಅವು ಸುಲಭವಾಗಿ ಅರಗಿಸಿಕೊಳ್ಳುತ್ತವೆ. ಪ್ರತಿಜೀವಕವೋ ಬ್ಯಾಕ್ಟೀರಿಯಾವನ್ನೇ ಕೊಲ್ಲಲೆಂದು ತಯಾರಾದ ಅಣು. ಬಟ್ಟೆಯ ಬಣ್ಣವೋ ಬಿಸಿಲಿಗೂ ಸೋಪಿಗೂ ಜಗ್ಗದಂತೆ ಕಟ್ಟಿದ ಅಣು. ಇಂಥವನ್ನು ಇದ್ದಿಲಿಗೆ ಹೀರಿಸಿದರೆ ವಿಷ ನೀರಿನಿಂದ ಇದ್ದಿಲಿಗೆ ಹೋಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಆರ್‌.ಒ. ಪೊರೆಯಲ್ಲಿ ಸೋಸಿದರೆ ಒಂದು ಕಡೆ ಒಳ್ಳೆಯ ನೀರು ಬರುತ್ತದೆ, ಇನ್ನೊಂದು ಕಡೆ ಅದೇ ವಿಷ ಇನ್ನಷ್ಟು ಸಾಂದ್ರವಾಗಿ ಹೊರಬೀಳುತ್ತದೆ. ಅಣುವನ್ನೇ ಮುರಿಯುವ ಉಪಾಯ ಬೇಕು ಎಂಬ ಒತ್ತಾಸೆ ಹುಟ್ಟಿದ್ದು ಇಲ್ಲಿಂದ.

ಟೈಟಾನಿಯಂ ಡೈಆಕ್ಸೈಡ್ ಈ ಕ್ಷೇತ್ರದ ಮೂಲ ವಸ್ತು. ಗೋಡೆಯ ಬಣ್ಣಕ್ಕೆ, ಸನ್‌ಸ್ಕ್ರೀನಿಗೆ, ಮಾತ್ರೆಗಳ ಬಿಳಿಯ ಹೊದಿಕೆಗೆ ಬಳಸುವ ಪುಡಿ ಇದೇ. ಕೇರಳದ ಚವರ ಕಡಲತೀರದ ಕಪ್ಪು ಮರಳಿನಲ್ಲಿ ಸಿಗುವ ಇಲ್ಮನೈಟ್ ಅದಿರಿನಿಂದ ಇದನ್ನು ತಯಾರಿಸುತ್ತಾರೆ. ಇದು ಅರೆವಾಹಕ. ಅದರೊಳಗಿನ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಒಂದು ಕೆಳಗಿನ ಶಕ್ತಿಮಟ್ಟದಲ್ಲಿ ತುಂಬಿಕೊಂಡಿರುತ್ತವೆ. ಅದರ ಮೇಲೆ ಖಾಲಿಯಾಗಿರುವ ಇನ್ನೊಂದು ಮಟ್ಟವಿದೆ. ಇವೆರಡರ ನಡುವೆ ಎಲೆಕ್ಟ್ರಾನು ನಿಲ್ಲಲಾಗದ ಒಂದು ಅಂತರವಿದೆ. ಅನಟೇಸ್ ಎಂಬ ಹರಳಿನ ರೂಪದಲ್ಲಿ ಈ ಅಂತರ ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್ (ಎಲೆಕ್ಟ್ರಾನಿನಷ್ಟು ಸಣ್ಣ ಕಣಗಳ ಶಕ್ತಿಯನ್ನು ಅಳೆಯುವ ಮಾನ ಇದು). ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಶಕ್ತಿಯುಳ್ಳ ಬೆಳಕಿನ ಕಣ ಬಂದು ಬಡಿದರೆ ಎಲೆಕ್ಟ್ರಾನು ಮೇಲಿನ ಮಟ್ಟಕ್ಕೆ ನೆಗೆಯುತ್ತದೆ ಮತ್ತು ಅದು ಬಿಟ್ಟುಹೋದ ಜಾಗದಲ್ಲಿ ಧನ ವಿದ್ಯುದಂಶವುಳ್ಳ ಒಂದು ತೆರಪು ಉಳಿಯುತ್ತದೆ.

ಮುಂದಿನದೆಲ್ಲ ಈ ಜೋಡಿಯ ಕೆಲಸ. ತೆರಪು ಎಲೆಕ್ಟ್ರಾನಿಗಾಗಿ ಹಪಹಪಿಸುತ್ತದೆ. ಕಣದ ಮೇಲ್ಮೈಗೆ ಅಂಟಿಕೊಂಡ ನೀರಿನಿಂದ ಅಥವಾ ಹೈಡ್ರಾಕ್ಸೈಡ್ ಅಯಾನಿನಿಂದ ಅದನ್ನು ಕಿತ್ತುಕೊಂಡು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಅತ್ಯಂತ ಚುರುಕಾದ ತುಣುಕನ್ನು ಹುಟ್ಟಿಸುತ್ತದೆ. ಮೇಲೆ ನೆಗೆದ ಎಲೆಕ್ಟ್ರಾನು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಸೇರಿ ಸೂಪರ್‌ಆಕ್ಸೈಡ್ ಎಂಬ ಇನ್ನೊಂದು ಚುರುಕು ತುಣುಕಾಗುತ್ತದೆ. ಉತ್ಕರ್ಷಣದ, ಅಂದರೆ ಬೇರೆ ವಸ್ತುವಿನಿಂದ ಎಲೆಕ್ಟ್ರಾನು ಕಿತ್ತುಕೊಳ್ಳುವ, ಬಲವನ್ನು ವೋಲ್ಟಿನಲ್ಲಿ ಅಳೆದರೆ ನಾವು ಕುಡಿಯುವ ನೀರಿಗೆ ಹಾಕುವ ಕ್ಲೋರಿನ್ನಿನದು ಸುಮಾರು 1.4, ಓಜೋನಿನದು ಸುಮಾರು 2.1, ಹೈಡ್ರಾಕ್ಸಿಲ್ ರ‍್ಯಾಡಿಕಲ್ಲಿನದು ಸುಮಾರು 2.8. ಇದು ಎದುರಿಗೆ ಸಿಕ್ಕ ಇಂಗಾಲದ ಅಣುವಿನ ಮೇಲೆ ಬೀಳುತ್ತದೆ, ಬೆಂಜೀನ್ ಉಂಗುರವನ್ನೂ ಒಡೆಯುತ್ತದೆ, ಒಡೆದ ಚೂರುಗಳನ್ನು ಮತ್ತೆ ಮತ್ತೆ ಒಡೆಯುತ್ತದೆ. ಸಾಕಷ್ಟು ಹೊತ್ತು ಬಿಟ್ಟರೆ ಕೊನೆಗೆ ಉಳಿಯುವುದು ಇಂಗಾಲದ ಡೈಆಕ್ಸೈಡ್, ನೀರು ಮತ್ತು ಕ್ಲೋರೈಡ್, ಸಲ್ಫೇಟ್, ನೈಟ್ರೇಟ್‌ನಂಥ ಸರಳ ಅಯಾನುಗಳು. ಇದಕ್ಕೆ ಪೂರ್ಣ ಖನಿಜೀಕರಣ ಎನ್ನುತ್ತಾರೆ. ಈ ನಡುವೆ ಟೈಟಾನಿಯಂ ಡೈಆಕ್ಸೈಡ್ ತಾನು ಖರ್ಚಾಗುವುದಿಲ್ಲ.

ಬೆಳಕಿನಿಂದ ಟೈಟಾನಿಯಂ ಡೈಆಕ್ಸೈಡ್ ನೀರನ್ನು ಒಡೆಯಬಲ್ಲದು ಎಂಬುದನ್ನು ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೊಂಡಾ 1972ರಲ್ಲಿ ಪ್ರಕಟಿಸಿದರು. ಅವರ ಕಣ್ಣಿದ್ದುದು ಹೈಡ್ರೋಜನ್ ಇಂಧನದ ಮೇಲೆ. 1977ರಲ್ಲಿ ಅಮೆರಿಕದ ಫ್ರ್ಯಾಂಕ್ ಮತ್ತು ಬಾರ್ಡ್ ಇದೇ ಪುಡಿಯನ್ನು ಬಳಸಿ ನೀರಿನಲ್ಲಿದ್ದ ಸೈನೈಡನ್ನು ನಾಶಪಡಿಸಿ ತೋರಿಸಿದ ಮೇಲೆ ಮಾಲಿನ್ಯ ನಿವಾರಣೆಯ ದಾರಿ ತೆರೆಯಿತು. ಬಣ್ಣ ತಯಾರಕರಿಗಾದರೋ ಈ ಗುಣ ಅದಕ್ಕೂ ಮೊದಲೇ ಒಂದು ಪೀಡೆಯಾಗಿ ಪರಿಚಯವಿತ್ತು. ಬಿಸಿಲು ಬೀಳುವ ಕಿಟಕಿ-ಬಾಗಿಲುಗಳ ಬಿಳಿಯ ಎಣ್ಣೆಬಣ್ಣ ಕೆಲವು ವರ್ಷಗಳಲ್ಲಿ ಹೊಳಪು ಕಳೆದುಕೊಂಡು ಮುಟ್ಟಿದರೆ ಕೈಗೆ ಹಿಟ್ಟಿನಂತೆ ಹತ್ತುವುದಕ್ಕೆ ಒಂದು ಕಾರಣ, ಅದರೊಳಗಿನ ಟೈಟಾನಿಯಂ ಡೈಆಕ್ಸೈಡ್ ತನ್ನ ಸುತ್ತಲಿನ ಅಂಟನ್ನೇ ಬಿಸಿಲಿನ ಸಹಾಯದಿಂದ ಒಡೆಯುವುದು. ಇದನ್ನು ತಡೆಯಲೆಂದೇ ಒಳ್ಳೆಯ ಬಣ್ಣಗಳಲ್ಲಿ ಆ ಕಣಗಳಿಗೆ ಸಿಲಿಕಾ ಅಥವಾ ಅಲ್ಯೂಮಿನಾದ ತೆಳುವಾದ ಕವಚ ಹೊದಿಸಿರುತ್ತಾರೆ. ಆದ್ದರಿಂದ ಬಣ್ಣದ ಅಂಗಡಿಯ ಪುಡಿಯನ್ನು ತಂದು ನೀರು ಶುದ್ಧಗೊಳಿಸಲು ಹೊರಟರೆ ಕೆಲಸ ನಡೆಯುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಮೇ ತಿಂಗಳಲ್ಲಿ ಕಲಬುರಗಿಯ ತಾಪಮಾನ 43 ಡಿಗ್ರಿ ಮುಟ್ಟುತ್ತದೆ ಎಂಬುದು ಈ ಕ್ರಿಯೆಗೆ ವಿಶೇಷ ಅನುಕೂಲವೇನೂ ಅಲ್ಲ. ಇದಕ್ಕೆ ಬೇಕಾದದ್ದು ಬಿಸಿಲಿನ ಕಾವಲ್ಲ, ಅದರಲ್ಲಿರುವ ನೇರಳಾತೀತ ಕಿರಣ. 3.2 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇರುವುದು 388 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕಿಗೆ. ಕಣ್ಣಿಗೆ ಕಾಣುವ ಬೆಳಕು ಆರಂಭವಾಗುವುದೇ 400ರ ಆಸುಪಾಸಿನಿಂದ. ನೆಲಕ್ಕೆ ತಲುಪುವ ಬಿಸಿಲಿನ ಒಟ್ಟು ಶಕ್ತಿಯಲ್ಲಿ ನೇರಳಾತೀತದ ಪಾಲು ನೂರಕ್ಕೆ ನಾಲ್ಕೈದು ಮಾತ್ರ. ಉಳಿದ ತೊಂಬತ್ತೈದು ಪಾಲು ಟೈಟಾನಿಯಂ ಡೈಆಕ್ಸೈಡಿನ ಪಾಲಿಗೆ ಇದ್ದೂ ಇಲ್ಲದಂತೆ.

ಕಾಣುವ ಬೆಳಕನ್ನೂ ಬಳಸಿಕೊಳ್ಳುವ ವಸ್ತುವಿಗಾಗಿ ನಡೆದಿರುವ ಹುಡುಕಾಟ ದೊಡ್ಡದು. ಗ್ರಾಫೈಟಿನಂಥ ಕಾರ್ಬನ್ ನೈಟ್ರೈಡಿನ ಅಂತರ 2.7 ಎಲೆಕ್ಟ್ರಾನ್ ವೋಲ್ಟ್, ಬಿಸ್ಮತ್ ವನಡೇಟಿನದು ಸುಮಾರು 2.4, ಇವು ನೀಲಿ ಬೆಳಕನ್ನೂ, ಹಸಿರಿನ ಒಂದು ಭಾಗವನ್ನೂ ಹಿಡಿಯುತ್ತವೆ. ಟೈಟಾನಿಯಂ ಡೈಆಕ್ಸೈಡಿಗೇ ನೈಟ್ರೋಜನ್ ಬೆರೆಸಿ ಅಂತರ ಕುಗ್ಗಿಸುವುದೂ ಉಂಟು. ಆದರೆ ಅಂತರ ಕುಗ್ಗಿದಂತೆ ಹುಟ್ಟುವ ತೆರಪಿನ ಬಲವೂ ಸಾಮಾನ್ಯವಾಗಿ ಕುಗ್ಗುತ್ತದೆ. ಕಾರ್ಬನ್ ನೈಟ್ರೈಡಿನ ತೆರಪಿಗೆ ನೀರಿನಿಂದ ನೇರವಾಗಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಮಾಡುವಷ್ಟು ಕಸುವಿಲ್ಲ. ಕ್ಯಾಡ್ಮಿಯಂ ಸಲ್ಫೈಡ್ ಕಾಣುವ ಬೆಳಕನ್ನು ಚೆನ್ನಾಗಿ ಹೀರುತ್ತದೆ, ಆದರೆ ಬೆಳಕಿನಲ್ಲಿ ತಾನೇ ಕರಗಿ ನೀರಿಗೆ ಕ್ಯಾಡ್ಮಿಯಂ ಬಿಡುತ್ತದೆ. ಒಂದು ವಿಷ ತೆಗೆಯಲು ಹೋಗಿ ಇನ್ನೊಂದನ್ನು ಬೆರೆಸುವ ಇಂಥ ವಸ್ತು ಕುಡಿಯುವ ನೀರಿನ ಹತ್ತಿರವೂ ಬರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಪ್ರಯೋಗಾಲಯದಲ್ಲಿ ಅದು ಎಷ್ಟೇ ಚೆನ್ನಾಗಿ ಕೆಲಸ ಮಾಡಲಿ.

ಇದಕ್ಕಿಂತ ಮೂಲಭೂತವಾದ ಇನ್ನೊಂದು ಅಡ್ಡಿಯಿದೆ. ಮೇಲೆ ನೆಗೆದ ಎಲೆಕ್ಟ್ರಾನು ಬಹುಪಾಲು ಸಲ ಯಾವ ಕೆಲಸವನ್ನೂ ಮಾಡದೆ ಕ್ಷಣಾರ್ಧದಲ್ಲಿ ಮರಳಿ ತನ್ನ ತೆರಪಿಗೇ ಬಿದ್ದುಬಿಡುತ್ತದೆ. ಹೀರಿದ ಬೆಳಕು ಶಾಖವಾಗಿ ವ್ಯರ್ಥವಾಗುತ್ತದೆ. ಬೆಳಕಿನ ನೂರು ಕಣಗಳಲ್ಲಿ ಒಂದು ಮಾಲಿನ್ಯವನ್ನು ಒಡೆಯಲು ಉಪಯೋಗವಾಯಿತೆಂದರೆ ಅದು ಸಾಧಾರಣ ಫಲಿತಾಂಶವೇ. ಇದರ ಅರ್ಥ ಮನದಟ್ಟಾಗಬೇಕಾದರೆ ಒಂದು ಲೆಕ್ಕ ಹಾಕಿ ನೋಡಬೇಕು.

ನಡುಹಗಲಿನಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ನೇರಳಾತೀತ ಶಕ್ತಿಯನ್ನು 30 ವಾಟ್ ಎಂದು ಹಿಡಿಯೋಣ. ಒಂದು ಗಂಟೆಯಲ್ಲಿ ಅದು ಸುಮಾರು 0.33 ಮೋಲ್‌ನಷ್ಟು (ಮೋಲ್ ಎಂದರೆ ಕಣಗಳನ್ನು ಎಣಿಸಲು ರಸಾಯನಶಾಸ್ತ್ರದಲ್ಲಿ ಬಳಸುವ ಮಾನ) ಬೆಳಕಿನ ಕಣಗಳಾಗುತ್ತದೆ. ನೂರಕ್ಕೆ ಒಂದು ಉಪಯೋಗವಾದರೆ 0.0033 ಮೋಲ್ ಎಲೆಕ್ಟ್ರಾನುಗಳ ಕೆಲಸ ನಡೆಯಿತು. ನೀರಿನಲ್ಲಿರುವ ಕೊಳೆಯನ್ನು ಪೂರ್ತಿ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕದ ಪ್ರಮಾಣಕ್ಕೆ ರಾಸಾಯನಿಕ ಆಮ್ಲಜನಕ ಬೇಡಿಕೆ, ಚಿಕ್ಕದಾಗಿ ಸಿ.ಒ.ಡಿ., ಎನ್ನುತ್ತಾರೆ. ಆ ಮಾನದಲ್ಲಿ ಹೇಳಿದರೆ ಈ ಕೆಲಸ ಗಂಟೆಗೆ ಸುಮಾರು 26 ಮಿಲಿಗ್ರಾಂ. ದಿನಕ್ಕೆ ಐದು ಗಂಟೆಯ ಒಳ್ಳೆಯ ಬಿಸಿಲೆಂದರೆ 130 ಮಿಲಿಗ್ರಾಂ. ಈಗ ಔಷಧ ಕಾರ್ಖಾನೆಯ ಕಚ್ಚಾ ತ್ಯಾಜ್ಯವನ್ನು ತೆಗೆದುಕೊಳ್ಳಿ. ಅದರ ಸಿ.ಒ.ಡಿ. ಲೀಟರಿಗೆ 10,000 ಮಿಲಿಗ್ರಾಂ ಇರುವುದು ಆಶ್ಚರ್ಯವಲ್ಲ. ಅಂಥ ಒಂದೇ ಒಂದು ಲೀಟರನ್ನು ಒಂದು ಚದರ ಮೀಟರ್ ಬಿಸಿಲಿನಲ್ಲಿ ಶುದ್ಧಗೊಳಿಸಲು ಎರಡೂವರೆ ತಿಂಗಳು ಬೇಕು. ಕಾರ್ಖಾನೆ ದಿನವೂ ಹೊರಬಿಡುವುದು ಸಾವಿರಾರು ಲೀಟರ್.

ಅದೇ ಲೆಕ್ಕವನ್ನು ಇನ್ನೊಂದು ತುದಿಯಿಂದ ಮಾಡಿದರೆ ಚಿತ್ರ ಬೇರೆಯಾಗುತ್ತದೆ. ಬ್ಯಾಕ್ಟೀರಿಯಾಗಳು ತಮ್ಮ ಕೆಲಸ ಮುಗಿಸಿದ, ತಿಳಿಯಾದ, ಆದರೆ ಲೀಟರಿಗೆ 0.1 ಮಿಲಿಗ್ರಾಂ ಸಿಪ್ರೊಫ್ಲಾಕ್ಸಾಸಿನ್ ಉಳಿದಿರುವ ನೀರು ಇದೆ ಎನ್ನಿ. ಅಂಥ ಸಾವಿರ ಲೀಟರಿನಲ್ಲಿ ಇರುವ ಔಷಧ ಒಟ್ಟು 100 ಮಿಲಿಗ್ರಾಂ. ಅದನ್ನು ಪೂರ್ತಿ ಸುಡಲು ಬೇಕಾದ ಆಮ್ಲಜನಕ ಸುಮಾರು 170 ಮಿಲಿಗ್ರಾಂ. ಲೆಕ್ಕದ ಪ್ರಕಾರ ಒಂದು ಚದರ ಮೀಟರಿಗೆ ಒಂದೂವರೆ ದಿನದೊಳಗಿನ ಕೆಲಸ. ಸಾಂದ್ರತೆ ಇಳಿದಂತೆ ಕ್ರಿಯೆ ನಿಧಾನವಾಗುವುದರಿಂದಲೂ ಬೇರೆ ವಸ್ತುಗಳು ಅಡ್ಡ ಬರುವುದರಿಂದಲೂ ನಿಜದಲ್ಲಿ ಇದರ ಹಲವು ಪಟ್ಟು ಜಾಗ ಮತ್ತು ಸಮಯ ಬೇಕಾಗುತ್ತದೆ, ಆದರೂ ಅದು ಕೈಗೆಟುಕುವ ಮಾತು. ದ್ಯುತಿ ವೇಗವರ್ಧಕದ ಸ್ಥಾನ ಎಲ್ಲಿದೆ ಎಂಬುದು ಈ ಎರಡು ಲೆಕ್ಕಗಳಿಂದ ಗೊತ್ತಾಗುತ್ತದೆ. ಜೋಳವನ್ನು ರಾಶಿ ಮಾಡಿ, ತೂರಿ, ಕೇರಿದ ಮೇಲೆ ಉಳಿದ ಹರಳನ್ನಷ್ಟೇ ಕೈಯಿಂದ ಆರಿಸುತ್ತಾರೆ. ಕಣದಲ್ಲಿ ಬಿದ್ದ ರಾಶಿಯ ಮುಂದೆ ಹರಳು ಆರಿಸಲು ಯಾರೂ ಕೂರುವುದಿಲ್ಲ. ಕಾರ್ಖಾನೆಯ ತ್ಯಾಜ್ಯಕ್ಕೆ ಮೊದಲ ಹಂತವಾಗಿ ಬಿಸಿಲು ಮತ್ತು ಪುಡಿಯನ್ನು ಸೂಚಿಸುವ ಯೋಜನೆ ಬಂದರೆ ಅದನ್ನು ಅನುಮಾನದಿಂದಲೇ ನೋಡಬೇಕು.

ಪ್ರಯೋಗಾಲಯದ ಫಲಿತಾಂಶಗಳನ್ನು ಓದುವಾಗಲೂ ಇಷ್ಟೇ ಎಚ್ಚರ ಬೇಕು. ಈ ವಿಷಯದ ಬಹುಪಾಲು ಪ್ರಯೋಗಗಳು ಮೆಥಿಲೀನ್ ಬ್ಲೂ, ರೋಡಮೀನ್ ಬಿ, ಮೆಥಿಲ್ ಆರೆಂಜ್ ಎಂಬ ಬಣ್ಣಗಳ ಮೇಲೆ ನಡೆದಿವೆ. ಬಣ್ಣ ಹೋಗುವುದು ಕಣ್ಣಿಗೇ ಕಾಣುತ್ತದೆ, ಅಳೆಯುವುದೂ ಸುಲಭ. ಆದರೆ ಬಣ್ಣ ಹೋದ ಮಾತ್ರಕ್ಕೆ ವಿಷ ಹೋಯಿತೆಂದಲ್ಲ. ಅಜೋ ವರ್ಗದ ಬಣ್ಣದ ಅಣುವಿನಲ್ಲಿ ಎರಡು ನೈಟ್ರೋಜನ್ ಪರಮಾಣುಗಳ ನಡುವಿನ ಕೊಂಡಿ ಮುರಿದರೆ ಸಾಕು, ಬಣ್ಣ ಮಾಯವಾಗುತ್ತದೆ. ಉಳಿದ ಎರಡು ತುಂಡುಗಳು ಅರೋಮ್ಯಾಟಿಕ್ ಅಮೀನುಗಳಾಗಿರಬಹುದು, ಅವುಗಳಲ್ಲಿ ಕೆಲವು ಮೂಲ ಬಣ್ಣಕ್ಕಿಂತ ಅಪಾಯಕಾರಿ. ಮೆಥಿಲೀನ್ ಬ್ಲೂ ಎಲೆಕ್ಟ್ರಾನು ಪಡೆದು ತಾತ್ಕಾಲಿಕವಾಗಿ ಬಣ್ಣರಹಿತ ರೂಪ ತಾಳಬಲ್ಲದು, ಅಂದರೆ ಅಣು ಒಡೆಯದೆಯೇ ನೀರು ತಿಳಿಯಾಗಬಲ್ಲದು. ಅಲ್ಲದೆ ಅದು ತಾನೇ ಕಾಣುವ ಬೆಳಕನ್ನು ಹೀರಿ ವೇಗವರ್ಧಕಕ್ಕೆ ಎಲೆಕ್ಟ್ರಾನು ದಾಟಿಸುವುದರಿಂದ, ಬಣ್ಣವಿಲ್ಲದ ಔಷಧದ ಮೇಲೆ ಕೆಲಸ ಮಾಡದ ಪುಡಿಯೂ ಮೆಥಿಲೀನ್ ಬ್ಲೂ ಮೇಲೆ ಚೆನ್ನಾಗಿ ಕೆಲಸ ಮಾಡಿದಂತೆ ತೋರಬಹುದು. ನೀರಿನಲ್ಲಿ ಉಳಿದ ಒಟ್ಟು ಸಾವಯವ ಇಂಗಾಲ ಎಷ್ಟು ಇಳಿಯಿತು ಎಂದು ಅಳೆದಾಗ ಮಾತ್ರ ನಿಜ ತಿಳಿಯುತ್ತದೆ. ನೂರಕ್ಕೆ ತೊಂಬತ್ತೈದು ಬಣ್ಣ ಹೋದ ನೀರಿನಲ್ಲಿ ಅರ್ಧದಷ್ಟು ಇಂಗಾಲ ಹಾಗೆಯೇ ಉಳಿದಿರುವುದು ಅಪರೂಪವಲ್ಲ.

ಈಗ ನಮ್ಮ ನೀರಿನ ಮಾತು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ನೆಲವೆಲ್ಲ ಸುಣ್ಣದ ಕಲ್ಲು. ನೆಲಹಾಸಿನ ಶಹಾಬಾದಿ ಕಲ್ಲು ಬರುವುದೂ, ಸಿಮೆಂಟ್ ಕಾರ್ಖಾನೆಗಳು ಅಲ್ಲಿ ನೆಲೆ ನಿಂತದ್ದೂ ಅದರಿಂದಲೇ. ಸುಣ್ಣದ ಕಲ್ಲಿನಲ್ಲಿ ಇಂಗಿದ ನೀರು ಕ್ಯಾಲ್ಸಿಯಂ ಜೊತೆಗೆ ಬೈಕಾರ್ಬೊನೇಟನ್ನೂ ಹೊತ್ತು ತರುತ್ತದೆ. ಬೈಕಾರ್ಬೊನೇಟ್ ಹೈಡ್ರಾಕ್ಸಿಲ್ ರ‍್ಯಾಡಿಕಲ್ಲನ್ನು ನುಂಗುತ್ತದೆ ಮತ್ತು ಅದರ ಬದಲಿಗೆ ಹೆಚ್ಚು ದುರ್ಬಲವಾದ ಕಾರ್ಬೊನೇಟ್ ರ‍್ಯಾಡಿಕಲ್ಲನ್ನು ಬಿಡುತ್ತದೆ. ಲೀಟರಿಗೆ 400 ಮಿಲಿಗ್ರಾಂ ಬೈಕಾರ್ಬೊನೇಟ್ ಮತ್ತು 0.1 ಮಿಲಿಗ್ರಾಂ ಸಿಪ್ರೊಫ್ಲಾಕ್ಸಾಸಿನ್ ಇರುವ ನೀರಿನಲ್ಲಿ ಔಷಧದ ಒಂದು ಅಣುವಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬೈಕಾರ್ಬೊನೇಟ್ ಅಯಾನುಗಳಿರುತ್ತವೆ. ಒಂದೊಂದಾಗಿ ನೋಡಿದರೆ ಬೈಕಾರ್ಬೊನೇಟ್ ಔಷಧಕ್ಕಿಂತ ನೂರಾರು ಪಟ್ಟು ನಿಧಾನವಾಗಿ ಪ್ರತಿಕ್ರಿಯಿಸುತ್ತದೆ, ಆದರೂ ಸಂಖ್ಯೆಯ ಬಲದಿಂದ ರ‍್ಯಾಡಿಕಲ್ಲುಗಳಲ್ಲಿ ಬಹುಪಾಲನ್ನು ಅದೇ ಕಬಳಿಸುತ್ತದೆ. ಆಮ್ಲ ಹಾಕಿ ಬೈಕಾರ್ಬೊನೇಟನ್ನು ಮೊದಲೇ ಹೊರಹಾಕಬಹುದು, ಆದರೆ ಅದಕ್ಕೂ ಖರ್ಚಿದೆ, ಕೊನೆಗೆ ಆಮ್ಲವನ್ನು ಶಮನಗೊಳಿಸಲೂ ಖರ್ಚಿದೆ. ಮಳೆಗಾಲದಲ್ಲಿ ಭೀಮಾ, ಕಾಗಿಣಾ ನದಿಗಳು ಹೊತ್ತು ತರುವ ಎರೆಮಣ್ಣಿನ ರಾಡಿ ಇನ್ನೊಂದು ತೊಡಕು. ಬೆಳಕು ನೀರಿನೊಳಗೆ ಇಳಿಯದ ಮೇಲೆ ವೇಗವರ್ಧಕ ಎಷ್ಟು ಒಳ್ಳೆಯದಾದರೇನು? ಭಟ್ಟಿ ಇಳಿಸಿದ ನೀರಿನಲ್ಲಿ ಒಂದು ಗಂಟೆಯಲ್ಲಿ ಮುಗಿದ ಕೆಲಸ ನಮ್ಮ ಕೊಳವೆಬಾವಿಯ ನೀರಿನಲ್ಲಿಯೂ ಒಂದು ಗಂಟೆಯಲ್ಲಿ ಮುಗಿಯುತ್ತದೆ ಎಂದು ಯಾರೂ ಭರವಸೆ ಕೊಡಲಾಗದು.

ಕೆಲವು ವಿಷಗಳಿಗೆ ಈ ಉಪಾಯ ಸಲ್ಲುವುದೇ ಇಲ್ಲ, ಮತ್ತು ದುರದೃಷ್ಟವಶಾತ್ ನಮ್ಮ ಜಿಲ್ಲೆಗಳ ಕೊಳವೆಬಾವಿಗಳಲ್ಲಿ ಹೆಚ್ಚು ಕಾಡುವುದು ಅವೇ. ಫ್ಲೋರೈಡ್ ಒಂದು ಅಯಾನು; ಅದರಲ್ಲಿ ಒಡೆಯಲು ಏನೂ ಇಲ್ಲ. ನೈಟ್ರೇಟ್ ಆಗಲೇ ಪೂರ್ತಿ ಉತ್ಕರ್ಷಣಗೊಂಡ ವಸ್ತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಆ ಮಿತಿ ದಾಟಿದ ಊರಿಗೆ ಬೇಕಾದದ್ದು ನದಿ ಮೂಲದ ನೀರು ಅಥವಾ ಸರಿಯಾಗಿ ನಿರ್ವಹಿಸಿದ ಶುದ್ಧ ಕುಡಿಯುವ ನೀರಿನ ಘಟಕ. ಅಲ್ಲಿಗೆ ದ್ಯುತಿ ವೇಗವರ್ಧಕದ ಹೆಸರು ಹೇಳಿ ಯಾರಾದರೂ ಯಂತ್ರ ಮಾರಲು ಬಂದರೆ ಗ್ರಾಮ ಪಂಚಾಯಿತಿಯವರು ಧೈರ್ಯವಾಗಿ ಬೇಡವೆನ್ನಬಹುದು.

ಆರ್ಸೆನಿಕ್ ವಿಷಯ ಸ್ವಲ್ಪ ಭಿನ್ನ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಪತ್ತೆಯಾದದ್ದು, ಅಲ್ಲಿನ ಜನರ ಚರ್ಮದ ಮೇಲೆ ಅದರ ಪರಿಣಾಮ ಕಂಡದ್ದು ಈ ಭಾಗದವರಿಗೆ ಗೊತ್ತಿರುವ ಸಂಗತಿ. ಆರ್ಸೆನಿಕ್ ಮೂಲವಸ್ತುವಾದ್ದರಿಂದ ಅದನ್ನು ಯಾವ ಬೆಳಕೂ ನಾಶಪಡಿಸಲಾರದು. ಆದರೆ ಆಳದ ನೀರಿನಲ್ಲಿ ಅದು ಹೆಚ್ಚಾಗಿ ಮೂರನೆಯ ಉತ್ಕರ್ಷಣ ಸ್ಥಿತಿಯಲ್ಲಿ, ವಿದ್ಯುದಂಶವಿಲ್ಲದ ರೂಪದಲ್ಲಿ ಇರಬಹುದು. ಆ ರೂಪದಲ್ಲಿ ಅದು ಕಬ್ಬಿಣದ ಆಕ್ಸೈಡಿನಂಥ ಹೀರುಕಗಳಿಗೆ ಚೆನ್ನಾಗಿ ಅಂಟುವುದಿಲ್ಲ. ಬೆಳಕು ಮತ್ತು ಟೈಟಾನಿಯಂ ಡೈಆಕ್ಸೈಡ್ ಅದನ್ನು ಐದನೆಯ ಸ್ಥಿತಿಗೆ ತಂದರೆ ಋಣ ವಿದ್ಯುದಂಶ ಪಡೆದು ಅಂಟಿಕೊಳ್ಳುತ್ತದೆ, ತೆಗೆಯುವುದು ಸುಲಭವಾಗುತ್ತದೆ. ಹೀಗೆ ಹೀರುಕದ ಜೊತೆಗಾರನಾಗಿ ಇದಕ್ಕೊಂದು ನಿಜವಾದ ಪಾತ್ರವಿದೆ. ವಿಷಕಾರಿ ಆರನೆಯ ಸ್ಥಿತಿಯ ಕ್ರೋಮಿಯಂ ಅನ್ನು ಮೂರನೆಯ ಸ್ಥಿತಿಗೆ ಇಳಿಸುವಲ್ಲಿಯೂ, ಅಲ್ಲಿ ಎಲೆಕ್ಟ್ರಾನುಗಳ ಮೂಲಕ, ಇದು ನೆರವಾಗುತ್ತದೆ.

ಇನ್ನು ಪುಡಿಯನ್ನು ಮರಳಿ ಪಡೆಯುವ ಪ್ರಶ್ನೆ. ಪ್ರಯೋಗಗಳಲ್ಲಿ ಬಹಳವಾಗಿ ಬಳಸುವ ಪಿ-25 ಎಂಬ ಟೈಟಾನಿಯಂ ಡೈಆಕ್ಸೈಡಿನ ಕಣದ ಗಾತ್ರ ಸುಮಾರು 21 ನ್ಯಾನೊಮೀಟರ್. ಅದು ನೀರಿನಲ್ಲಿ ಹಾಲಿನಂತೆ ಹರಡಿಕೊಳ್ಳುತ್ತದೆ, ಬೇಗ ತಳ ಸೇರುವುದಿಲ್ಲ, ಸಾಮಾನ್ಯ ಬಟ್ಟೆಯಲ್ಲಿ ಸೋಸಿದರೆ ನಿಲ್ಲುವುದಿಲ್ಲ. ಅದನ್ನು ನೀರಿನೊಂದಿಗೆ ಹರಿಯಬಿಟ್ಟರೆ ಖರ್ಚಾಗದ ವೇಗವರ್ಧಕ ಎಂಬ ಹೆಗ್ಗಳಿಕೆಗೆ ಅರ್ಥವಿಲ್ಲ, ಜೊತೆಗೆ ಹಳ್ಳಕ್ಕೆ ಹೊಸದೊಂದು ಪುಡಿ ಸೇರಿದಂತಾಯಿತು. ಈ ಧೂಳನ್ನು ಉಸಿರಾಡಿದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿರುವುದರಿಂದ ಒಣ ಪುಡಿಯನ್ನು ಮುಟ್ಟುವ ಕೆಲಸಗಾರರಿಗೆ ಮುಖಗವಸು ಕಡ್ಡಾಯವಾಗಬೇಕು. ಪುಡಿಯನ್ನು ಗಾಜಿನ ಮೇಲೆ ಅಥವಾ ಪಿಂಗಾಣಿಯ ಮಣಿಗಳ ಮೇಲೆ ಲೇಪಿಸಿ ಗಟ್ಟಿ ಕೂರಿಸಿದರೆ ಈ ತೊಂದರೆ ತಪ್ಪುತ್ತದೆ; ಆದರೆ ನೀರಿಗೆ ಸೋಕುವ ಮೇಲ್ಮೈ ಕಡಿಮೆಯಾಗಿ ವೇಗ ಇಳಿಯುತ್ತದೆ. ಸ್ಪೇನಿನ ಅಲ್ಮೇರಿಯಾದ ಸೌರ ಸಂಶೋಧನಾ ಕೇಂದ್ರದಲ್ಲಿ ಬಾಗಿದ ಕನ್ನಡಿಗಳ ನಡುವೆ ಗಾಜಿನ ಕೊಳವೆಗಳನ್ನಿಟ್ಟು ನೀರನ್ನು ಸುತ್ತಿಸುವ ವಿನ್ಯಾಸವನ್ನು ದೀರ್ಘಕಾಲ ಪರೀಕ್ಷಿಸಿದ್ದಾರೆ. ಆ ಕನ್ನಡಿಗಳು ಬೆಳಕನ್ನು ಹೆಚ್ಚೇನೂ ಒಟ್ಟುಗೂಡಿಸುವುದಿಲ್ಲ. ಮೋಡದ ಮರೆಯಿಂದ ಚದುರಿ ಬರುವ ನೇರಳಾತೀತವನ್ನೂ ಕೊಳವೆಯ ಹಿಂಬದಿಗೆ ತಿರುಗಿಸುವುದು ಅವುಗಳ ಉದ್ದೇಶ. ನಮ್ಮಲ್ಲಿ ಇಂಥದ್ದನ್ನು ಕಟ್ಟಿದರೆ ಕನ್ನಡಿಯ ಮೇಲೆ ಕೂರುವ ಧೂಳನ್ನು ಒರೆಸುವ ವ್ಯವಸ್ಥೆಯೂ ಯೋಜನೆಯ ಭಾಗವಾಗಬೇಕು, ಸಿಮೆಂಟ್ ಕಾರ್ಖಾನೆಗಳ ಸುತ್ತಲಂತೂ ದಿನವೂ.

ಈ ಕ್ಷೇತ್ರದಲ್ಲಿ ನಮ್ಮ ಭಾಗದಿಂದಲೇ ಆಗಬಹುದಾದ ಒಂದು ಕೆಲಸವಿದೆ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ, ಮೂರೂ ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಓದುವ ವಿದ್ಯಾರ್ಥಿಗಳಿದ್ದಾರೆ. ಯೋಜನಾ ಪ್ರಬಂಧಕ್ಕೆ ಮತ್ತೊಂದು ಹೊಸ ಪುಡಿಯನ್ನು ತಯಾರಿಸಿ ಭಟ್ಟಿ ಇಳಿಸಿದ ನೀರಿನಲ್ಲಿ ಮೆಥಿಲೀನ್ ಬ್ಲೂ ಬಣ್ಣ ತೆಗೆಯುವುದಕ್ಕಿಂತ, ಹಳೆಯ ಟೈಟಾನಿಯಂ ಡೈಆಕ್ಸೈಡನ್ನೇ ಹಿಡಿದು ಸೇಡಂನ ಕೊಳವೆಬಾವಿ ನೀರಿನಲ್ಲಿ, ಕಾರಂಜಾ ಜಲಾಶಯದ ನೀರಿನಲ್ಲಿ, ಮಳೆಗಾಲದ ಮತ್ತು ಬೇಸಿಗೆಯ ಭೀಮಾ ನೀರಿನಲ್ಲಿ ಒಂದೇ ಔಷಧ ಎಷ್ಟೆಷ್ಟು ಹೊತ್ತಿಗೆ ಒಡೆಯುತ್ತದೆ ಎಂದು ಅಳೆದರೆ ಅದರ ಬೆಲೆ ಹೆಚ್ಚು. ಪ್ರತಿ ಮಾದರಿಗೂ ಬೈಕಾರ್ಬೊನೇಟ್, ಕ್ಲೋರೈಡ್ ಮತ್ತು ಒಟ್ಟು ಸಾವಯವ ಇಂಗಾಲದ ಅಂಕಿಗಳನ್ನು ಮೊದಲೂ ಕೊನೆಗೂ ಬರೆದಿಡಬೇಕು. ಪುಡಿ ಹಾಕಿ ಕತ್ತಲಲ್ಲಿಟ್ಟ ಒಂದು ಮಾದರಿ, ಪುಡಿ ಹಾಕದೆ ಬಿಸಿಲಿಗಿಟ್ಟ ಇನ್ನೊಂದು ಮಾದರಿ ಜೊತೆಗಿರಲೇಬೇಕು, ಇಲ್ಲದಿದ್ದರೆ ಪುಡಿ ಹೀರಿದ್ದೆಷ್ಟು, ಬಿಸಿಲು ತಾನೇ ಒಡೆದದ್ದೆಷ್ಟು, ಎರಡೂ ಸೇರಿ ಮಾಡಿದ್ದೆಷ್ಟು ಎಂದು ಬೇರ್ಪಡಿಸಲಾಗದು. ಮಾಲಿನ್ಯ ನಿಯಂತ್ರಣ ಮಂಡಳಿಯೋ ಕೈಗಾರಿಕಾ ಪ್ರದೇಶದ ಸಾಮೂಹಿಕ ಸಂಸ್ಕರಣಾ ಘಟಕವೋ ಕೊನೆಯ ಹಂತಕ್ಕೆ ಇಂಥ ವ್ಯವಸ್ಥೆ ಕಟ್ಟಲು ಯೋಚಿಸಿದಾಗ ಎಷ್ಟು ಚದರ ಮೀಟರ್ ಗಾಜು ಬೇಕೆಂಬುದನ್ನು ನಿರ್ಧರಿಸುವುದು ಆ ಅಂಕಿಗಳೇ.